ಗಂಟಿಲ್ಲದ ಕೆಂಪು ದಾರ

ಬಹಳ ಹಿಂದೆ. ಎಷ್ಟು ಹಿಂದೆ ಅಂದರೆ, ನಮ್ಮಜ್ಜಿಗೆ ಅವಳಜ್ಜಿ ಈ ಕತೆ ಹೇಳುವಾಗಲೂ ‘ಬಹಳ ಹಿಂದೆ’ ಅಂತಲೇ ಸುರು ಮಾಡುತ್ತಿದ್ದಳಂತೆ. ಹೊಳೆ ದಂಡೆಯ ಮೇಲೆ ಒಂದೂರಿತ್ತು. ಊರ ತುಂಬ ಮಗ್ಗ. ಬೆಳಗಾದರೆ ಕೋಳಿ ಕೂಗುವ ಮೊದಲೇ ಲಾಳಿ ಸದ್ದು ಮಾಡುತ್ತಿತ್ತು ಅಂತಾರೆ. ಊರಿನ ಹೆಸರು ಮಾತ್ರ ಕೇಳಬೇಡಿ. ಹೊಳೆಯ ಆಚೆಯವರು ಅದು ನಮ್ಮೂರು ಅಂತಾರೆ, ಈಚೆಯವರು ನಮ್ಮೂರು ಅಂತಾರೆ. ಜಗಳ ಯಾಕೆ, ಇಬ್ಬರದೂ ಇರಲಿ.

ಆ ಊರಿನ ಸಂತೆಬೀದಿಯಲ್ಲಿ ಒಂದು ಪುಸ್ತಕದಂಗಡಿ. ಎಡಕ್ಕೆ ನೂಲಿಗೆ ಬಣ್ಣ ಹಾಕುವವರ ಭಟ್ಟಿ, ಬಲಕ್ಕೆ ಚುರಮುರಿ ಹುರಿಯುವವರ ಭಟ್ಟಿ, ನಡುವೆ ಈ ಅಂಗಡಿ. ಅಲ್ಲಿ ಕೊಂಡ ಪುಸ್ತಕವನ್ನು ಯಾವ ದೇಶಕ್ಕೆ ಒಯ್ದು ಬಿಚ್ಚಿದರೂ ಬಿಸಿ ಚುರಮುರಿಯ ವಾಸನೆ ಬರುತ್ತಿತ್ತಂತೆ. ಅಂಗಡಿಯಲ್ಲಿ ಮೂರು ಮಂದಿ. ಯಜಮಾನ ಮೌನಪ್ಪಜ್ಜ. ಹೆಸರು ಹಾಗೆ, ಆದರೆ ಅವನ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಎರಡನೆಯವನು ಪುಸ್ತಕ ಹೊಲಿದು ರಟ್ಟು ಕಟ್ಟುವ ಮೋದಿನಸಾಬ. ಇವನ ಬಾಯಿ ತೆರೆದಿದ್ದನ್ನು ಕಂಡವರು ಕಡಿಮೆ. ಮೂರನೆಯವಳು ಕಾಶವ್ವ. ಬಂದವರಿಗೆ ಇಂಥದ್ದು ಓದಿ, ಇಂಥದ್ದು ಒಯ್ಯಿರಿ ಅಂತ ಪುಸ್ತಕ ತೆಗೆದುಕೊಡುವವಳು. ಈ ಕತೆ ಅವಳದು.

ಆ ಅಂಗಡಿಯಲ್ಲಿ ಮೌನಪ್ಪಜ್ಜ ಒಂದು ರೂಢಿ ಹಾಕಿದ್ದ. ನೇಕಾರರ ಊರಲ್ಲವೇ, ಬಣ್ಣ ಕಂಡಲ್ಲಿ ಕೈ ತಾನಾಗೇ ಹೋಗುತ್ತದೆ. ಅದಕ್ಕೇ ಅಂಗಡಿಯಲ್ಲಿ ದುಡಿಯುವವರು ತಮ್ಮ ಮನಸ್ಸಿಗೆ ಹತ್ತಿದ ಪುಸ್ತಕದ ಬೆನ್ನಿಗೆ, ಹಾಳೆ ತೆರೆಯಲು ಅಡ್ಡಿಯಾಗದಂತೆ, ತಮ್ಮ ಬಣ್ಣದ ದಾರ ಕಟ್ಟಬೇಕು. ಬಂದವರು ದಾರ ನೋಡಿ ಪುಸ್ತಕ ಆರಿಸಬೇಕು. ಅಜ್ಜನದು ಅರಿಸಿನ ಬಣ್ಣ. ಅವನು ಕಟ್ಟಿದ್ದೆಲ್ಲ ದೇವರ ಕತೆ, ಉಪವಾಸದ ಮಹಿಮೆ, ಓದಿದವರಿಗೆ ಎರಡನೇ ಪುಟಕ್ಕೇ ಆಕಳಿಕೆ. ಮೋದಿನಸಾಬನದು ಹಸಿರು. ಮಾತಾಡದ ಮನುಷ್ಯ, ಆದರೆ ಹಸಿರು ದಾರ ಕಟ್ಟಿದ ಪುಸ್ತಕ ಅಂದರೆ ಕಳ್ಳರ ಕತೆ, ಮಂಗಗಳ ಕತೆ, ಹೊಟ್ಟೆ ಹಿಡಿದು ನಗುವಂಥದ್ದು. ಕಾಶವ್ವನದು ಕುಸುಬಿ ಹೂವಿನ ಕೆಂಪು. ಅವಳ ಪುಸ್ತಕದಲ್ಲಿ ಅಗಲಿದವರಿರುತ್ತಿದ್ದರು, ಕಾಯುವವರಿರುತ್ತಿದ್ದರು, ಕೂಸು ಕಳಕೊಂಡವರಿರುತ್ತಿದ್ದರು.

“ಕಾಶವ್ವನ ಕೆಂಪು ಒಯ್ಯಾಕತ್ತೀಯೇನು? ಹಂಗಾದ್ರ ಉದ್ದನ್ನ ಸೆರಗಿನ ಸೀರಿ ಉಟ್ಕೊಂಡು ಓದು, ಒರಸ್ಕೊಳ್ಳಾಕ ಬೇಕಾಗ್ತೈತಿ,” ಅಂತ ಹೆಂಗಸರು ಒಬ್ಬರನ್ನೊಬ್ಬರು ಕಾಡುತ್ತಿದ್ದರಂತೆ. ಕಾಡಿದವರೇ ಮರುದಿನ ಕೆಂಪು ದಾರದ್ದು ಹುಡುಕಿಕೊಂಡು ಬರುತ್ತಿದ್ದರಂತೆ.

ದಾರ ಕಟ್ಟಲಿಕ್ಕೆ ಕಟ್ಟಳೆ ಒಂದೇ. ಕೊನೇ ಪುಟದ ಕೊನೇ ಸಾಲಿನ ತನಕ ಓದದ ಪುಸ್ತಕಕ್ಕೆ ದಾರ ಕಟ್ಟಕೂಡದು. ಅರ್ಧ ನೇಯ್ದ ಸೀರೆಯನ್ನು ಮಡಿಸಿ ಗಿರಾಕಿಯ ಕೈಗೆ ಕೊಡುತ್ತೀರೇನು ಅಂತ ಅಜ್ಜ ಕೇಳುತ್ತಿದ್ದ. ಕಟ್ಟುವವರು ಹೊಸ್ತಿಲು ಮುಟ್ಟಿ ‘ಪೂರ್ತಿ ಓದೇನಿ’ ಅಂತ ಹೇಳಿಯೇ ಗಂಟು ಹಾಕಬೇಕು.

ಕಾಶವ್ವನ ಕೈಗುಣದ ಬಗ್ಗೆ ಏನೇನೋ ಹೇಳ್ತಾರೆ. ಅವಳು ಬಂದವರ ಮುಖ ನೋಡುತ್ತಿರಲಿಲ್ಲವಂತೆ, ಕಾಲು ನೋಡುತ್ತಿದ್ದಳಂತೆ. ಮನಸ್ಸಿನ ದಣಿವು ಮುಖದಲ್ಲಿ ಮುಚ್ಚಿಡಬಹುದು, ನಡಿಗೆಯಲ್ಲಿ ಮುಚ್ಚಿಡಲಿಕ್ಕಾಗದು ಅಂತಿದ್ದಳಂತೆ. ನೋಡಿ, ಎದ್ದು ಹೋಗಿ, ಒಂದೇ ಸಲ ಕೈ ಹಾಕಿ ಪುಸ್ತಕ ತೆಗೆಯುತ್ತಿದ್ದಳು. ಎದೆಯಲ್ಲಿ ದುಃಖ ಗಟ್ಟಿಯಾಗಿ ಕಣ್ಣೀರೇ ಬಾರದ ಒಬ್ಬ ತಾಯಿ ಅವಳು ಕೊಟ್ಟ ಪುಸ್ತಕ ಓದಿ ಮನೆ ಅಂಗಳ ತೊಯ್ಯುವ ಹಾಗೆ ಅತ್ತು, ಎದ್ದು, ಒಲೆ ಹಚ್ಚಿದಳು ಅಂತಾರೆ. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಪುಸ್ತಕ ಇಬ್ಬರೂ ಓದಿ ನಡುವಿನ ಗೋಡೆ ಕೆಡವಿದರು ಅಂತಾರೆ. ಹೊಳೆ ಊರೊಳಗೆ ಬಂದ ವರುಷ ಅಂಗಡಿಯ ಪುಸ್ತಕವೆಲ್ಲ ತೊಯ್ದು ಮುದ್ದೆಯಾದರೂ ಕೆಂಪು ದಾರ ಕಟ್ಟಿದವು ಮಾತ್ರ ಒಣಗಿದ ಎಲೆಯಂತೆ ತೇಲಿಕೊಂಡು ಅವಳ ಬಾಗಿಲಿಗೇ ಬಂದು ನಿಂತವು ಅಂತಾರೆ. ಇದ್ದರೂ ಇದ್ದೀತು. ಹೇಳುವವರು ಬಾಯಿಗೆ ಬಂದಂತೆ ಹೇಳ್ತಾರೆ, ಕೇಳುವವರು ಕಿವಿಗೆ ಬಿದ್ದಂತೆ ಕೇಳ್ತಾರೆ.

ಆದರೆ ಅವಳು ಮೊಟ್ಟಮೊದಲು ಕೆಂಪು ದಾರ ಕಟ್ಟಿದ ಪುಸ್ತಕ ಯಾವುದು, ಅದನ್ನು ಹೇಳಬೇಕು. ಇದನ್ನು ಎಲ್ಲರೂ ಒಂದೇ ಥರ ಹೇಳ್ತಾರೆ.

ಕಾಶವ್ವ ಲಗ್ನವಾಗಿ ಬಂದ ಹೊಸದರಲ್ಲಿ ಅವಳ ಗಂಡ ರಾಚಪ್ಪ ದಿನಾ ಸಂಜೆ ಅವಳಿಗೆ ಒಂದು ಕತೆಯನ್ನು ಇಷ್ಟಿಷ್ಟೇ ಓದಿ ಹೇಳುತ್ತಿದ್ದ. ಅವಳು ರಾಟಿಯ ಮುಂದೆ ಕೂತು ಮಗ್ಗದ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುವಳು, ಅವನು ಪಕ್ಕದಲ್ಲಿ ಕೂತು ಓದುವನು. ದೂರ ದೇಶಕ್ಕೆ ಹೋದ ಗಂಡನನ್ನು ಹೊಸ್ತಿಲ ಮೇಲೆ ಕೂತು ಕಾಯುವ ಹೆಂಗಸಿನ ಕತೆ ಅದು. ಓದುತ್ತ ಓದುತ್ತ ಅವಳಿಗೂ ಅಕ್ಷರ ಕಲಿಸಿದ. ಸಾಲಿನ ಕೆಳಗೆ ಅವನ ಬೆರಳು, ಬೆರಳಿನ ಹಿಂದೆ ಅವಳ ಕಣ್ಣು. ಕತೆ ಇನ್ನೇನು ಮುಗಿಯಬೇಕು, ಕೆಲವೇ ಹಾಳೆ ಉಳಿದಿದ್ದವು. ಅವನಿಗೆ ಮೈ ಬಿಸಿಯಾಗಿತ್ತು. “ಇವತ್ತು ಸಾಕು ಕಾಶಿ. ಉಳಿದದ್ದು ನಾಳಿ ಓದೂಣು,” ಅಂದು ಪುಸ್ತಕ ಮಡಚಿಟ್ಟ. ಆ ನಾಳೆ ಬರಲಿಲ್ಲ. ಜ್ವರ ಅವನನ್ನು ಒಯ್ದುಬಿಟ್ಟಿತು.

ದಿನಕರ್ಮ ಮುಗಿದ ಮೇಲೆ ಕಾಶವ್ವ ಆ ಪುಸ್ತಕವನ್ನು ಮೋದಿನಸಾಬನ ಮುಂದೆ ಇಟ್ಟಳು. ಉಳಿದ ಹಾಳೆಗಳನ್ನು ಸುತ್ತಲೂ ಹೊಲಿದುಬಿಡು ಅಂದಳು. ತಾನೊಬ್ಬಳೇ ಓದಲಾರೆ, ಬೇರೆಯವರು ಓದುವುದೂ ಬೇಡ ಅಂದಳು. ಮೋದಿನಸಾಬ ಅವಳ ಮುಖ ನೋಡಿದ. ಅವಳು ತಂದಿದ್ದ ಕುಸುಬಿ ಕೆಂಪಿನ ನೂಲನ್ನೇ ಸೂಜಿಗೆ ಪೋಣಿಸಿ ಆ ಹಾಳೆಗಳನ್ನು ಹೊಲಿದು ಕೊಟ್ಟ. ಕೇಳಿದವರಿಲ್ಲ, ಅವನು ಹೇಳಿದವನಲ್ಲ. ಆಮೇಲೆ ಹೊಟ್ಟೆಪಾಡಿಗೆ ಅವಳು ಅದೇ ಅಂಗಡಿಗೆ ಕೆಲಸಕ್ಕೆ ಬಂದಳು.

ಓದದ ಕತೆ ಸುಮ್ಮನಿರುತ್ತದೆಯೇ? ಅವಳ ಒಳಗೆ ತಾನೇ ಮುಂದುವರಿಯಿತು. ಕಸ ಗುಡಿಸುವಾಗ, ಕಟ್ಟಿಗೆ ಆರಿಸುವಾಗ, ಹೊಳೆಗೆ ಹೋಗುವಾಗ ಆ ಕತೆಯ ಗಂಡ ನಡೆದು ನಡೆದು ಬರುತ್ತಿದ್ದ. ಒಂದು ದಿನ ಗುಡ್ಡ ಇಳಿದ. ಒಂದು ದಿನ ಹೊಳೆ ದಾಟಿದ. ಒಂದು ದಿನ ಹೊಸ್ತಿಲಿಗೇ ಬಂದು, ‘ಬಾಯಾರಿಕೆ ಆಗೇದ, ನೀರು ಕೊಡ’ ಅಂದ. ಕಾಶವ್ವನ ಲೆಕ್ಕದಲ್ಲಿ ಕತೆ ಹೀಗೆ ಮುಗಿದುಹೋಯಿತು. ಮುಗಿದದ್ದು ಪುಸ್ತಕದಲ್ಲೋ ತನ್ನ ತಲೆಯಲ್ಲೋ ಅನ್ನುವುದು ವರುಷ ಕಳೆದಂತೆ ಅವಳಿಗೇ ಮಸುಕಾಯಿತು. ಅದೇ ಪುಸ್ತಕದ ಹೊಸ ಪ್ರತಿಗಳು ಅಂಗಡಿಗೆ ಬಂದಾಗ ಹೊಸ್ತಿಲು ಮುಟ್ಟಿ ‘ಪೂರ್ತಿ ಓದೇನಿ’ ಅಂದಳು. ಅಜ್ಜ ನಂಬಿದ. ಅವಳು ದಾರ ಕಟ್ಟಿದಳು. ಸೂಜಿ ಹಿಡಿದು ಕೂತಿದ್ದ ಮೋದಿನಸಾಬ ತಲೆ ಎತ್ತಿದ, ಮತ್ತೆ ತಗ್ಗಿಸಿದ.

ಇನ್ನು ಹುಲಿಗೆವ್ವನ ಮಾತು.

ಹುಲಿಗೆವ್ವ ಪಕ್ಕದ ಓಣಿಯ ನೇಕಾರರ ಸೊಸೆ. ಅತ್ತೆಮಾವ ತೀರಿದ್ದರು. ಅವಳ ಗಂಡ ಲಕ್ಕಪ್ಪ ಸೀರೆಯ ಗಂಟು ಹೊತ್ತು ಊರೂರು ತಿರುಗಿ ಮಾರುವವನು. ಒಂದು ಸಲ ಮೂಡಣ ಸೀಮೆಗೆ ಹೋದವನು, ಉಗಾದಿಗೆ ಬರ್ತೀನಿ ಅಂದಿದ್ದ. ಉಗಾದಿ ಬಂತು, ಅವನು ಬರಲಿಲ್ಲ. ಮತ್ತೊಂದು ಉಗಾದಿ ಬಂತು. ಹೊಳೆ ದಾಟುವಾಗ ಹೋದ ಅಂದರು ಕೆಲವರು. ಅಲ್ಲೇ ಇನ್ನೊಬ್ಬಳನ್ನು ಮಾಡಿಕೊಂಡ ಅಂದರು ಕೆಲವರು. ಹುಲಿಗೆವ್ವ ಯಾರ ಮಾತಿಗೂ ಕಿವಿ ಕೊಡದೆ ಮಗ್ಗದ ಮೇಲೆ ಉದ್ದೆಳೆಗಳ ಹಾಸು ಹೂಡಿಕೊಂಡು ನೇಯುತ್ತ ಕೂತಳು. ಅವಳ ಅಣ್ಣಂದಿರು ಬಂದರು. ಹರೇದ ಹೆಣ್ಣು ಎಷ್ಟು ದಿನ ಹೀಗೆ ಇರುತ್ತೀ, ನಮ್ಮೂರಿಗೆ ನಡಿ, ಉಡಿಕೆ ಮದುವೆ ಮಾಡಿ ಇನ್ನೊಂದು ಮನೆ ತುಂಬಿಸುತ್ತೇವೆ ಅಂದರು. ಈ ಸುಗ್ಗಿ ಮುಗಿಯಲಿ, ಆಮೇಲೆ ಹೇಳ್ತೀನಿ ಅಂತ ಅವಳು ಅವರನ್ನು ಸಾಗಹಾಕಿದಳು.

ಸುಗ್ಗಿ ಮುಗಿಯಿತು. ಅಣ್ಣಂದಿರು ಬಂಡಿ ಕಟ್ಟಿಕೊಂಡು ಬರುವ ದಿನ ಹತ್ತಿರ ಬಂತು. ಹುಲಿಗೆವ್ವ ಸಂತೆಬೀದಿಯಲ್ಲಿ ಹೋಗುತ್ತಿದ್ದವಳು ಪುಸ್ತಕದಂಗಡಿಯ ಮುಂದೆ ನಿಂತಳು. ಕಾಶವ್ವ ಅವಳ ಕಾಲು ನೋಡಿದಳು. ಒಂದು ಪಾದ ಒಳಗೆ ಬರುತ್ತಿತ್ತು, ಇನ್ನೊಂದು ಬೀದಿಯಲ್ಲೇ ಉಳಿಯುತ್ತಿತ್ತು. ಮೋದಿನಸಾಬ ತಾನಾಗಿ ಒಂದು ಹಸಿರು ದಾರದ ಪುಸ್ತಕ ಮುಂದೆ ಸರಿಸಿದ.

“ಇದು ಬ್ಯಾಡ ಸಾಬಣ್ಣ,” ಅಂದಳಂತೆ ಕಾಶವ್ವ. “ಈಕಿಗೆ ಮಂಗ್ಯಾನ ಕತಿ ಕೊಟ್ರ ಮಂಗ್ಯಾನೂ ಅಳ್ತೈತಿ.”

ಹುಲಿಗೆವ್ವ ಬಹಳ ದಿನಗಳ ಮೇಲೆ ನಕ್ಕಳು. ಆ ನಗೆಗೆ ಕಾಶವ್ವ ಸೋತಳು. ಎದ್ದು ಹೋಗಿ ಹೊಸ್ತಿಲ ಮೇಲೆ ಕಾಯುವವಳ ಕತೆಯನ್ನೇ ತೆಗೆದು ಕೈಗೆ ಕೊಟ್ಟಳು. ಹುಲಿಗೆವ್ವ ಹಾಳೆ ತಿರುವಿ, ಒಂದೆರಡು ಸಾಲಿನ ಮೇಲೆ ಬೆರಳಾಡಿಸಿ, ಮುಖ ಎತ್ತಿದಳು.

“ಯಕ್ಕಾ, ಕಡೀಕ ಅಂವ ಬರ್ತಾನೇನು?”

“ಬರ್ತಾನ ತಂಗಿ. ಬರದ ಎಲ್ಲಿ ಹೋಗ್ತಾನ?”

“ನೀ ಓದೀಯೇನು?”

“ನಾ ದಾರ ಕಟ್ಟೀನಿ. ಇನ್ನ ಏನ ಕೇಳ್ತಿ?”

ಅಷ್ಟೇ ಮಾತು. ಹುಲಿಗೆವ್ವ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಅವಳು ಮನಸ್ಸಿನಲ್ಲಿ ಒಂದು ಹರಕೆ ಕಟ್ಟಿಕೊಂಡಳು ಅಂತಾರೆ. ಕತೆಯೊಳಗಿನವನು ಬಂದರೆ ತನ್ನವನೂ ಬರುತ್ತಾನೆ, ಅವನು ಬಂದ ಸಾಲು ಓದಿದ ದಿನ ಅಣ್ಣಂದಿರ ಬಂಡಿಯನ್ನು ಬರಿದೇ ತಿರುಗಿಸಿ ಕಳಿಸುತ್ತೇನೆ ಅಂತ. ಬರುತ್ತಾನೆ ಅಂತ ಕಾಶವ್ವನೇ ಹೇಳಿದ ಮೇಲೆ ಇನ್ನೇನು ಅನುಮಾನ?

ಅವಳು ಓದುವುದು ನಿಧಾನ. ಮಗ್ಗದ ಪಕ್ಕಕ್ಕೆ ಪುಸ್ತಕ ಇಟ್ಟುಕೊಂಡು ಒಂದಿಷ್ಟು ನೇಯುವಳು, ಒಂದು ಸಾಲು ಓದುವಳು. ಆ ದಿನಗಳಲ್ಲಿ ಅವಳು ಹಾಡಿಕೊಂಡು ನೀರಿಗೆ ಹೋಗುತ್ತಿದ್ದಳಂತೆ. ಬಾವಿಕಟ್ಟೆಯ ಹೆಂಗಸರು, “ಏನಬೇ, ಗಂಡ ಬಂದಾನೇನು, ಮಾರಿ ಮ್ಯಾಲೆ ಬೆಳಕ ಬಂದೈತಿ?” ಅಂತ ಕೇಳಿದರೆ, ಕತೆಯವನನ್ನೋ ತನ್ನವನನ್ನೋ ನೆನೆದು, “ಗುಡ್ಡ ಇಳ್ಯಾಕತ್ತಾನ,” ಅಂದಳಂತೆ. ಕಾಶವ್ವನ ಕಿವಿಗೂ ಅದು ಬಿತ್ತು. ಅವಳ ಎದೆ ತಂಪಾಯಿತು. ಆ ರಾತ್ರಿ ಪೆಟ್ಟಿಗೆಯಿಂದ ತನ್ನ ಹಳೆಯ ಪುಸ್ತಕ ತೆಗೆದು, ಕೆಂಪು ಹೊಲಿಗೆಯ ಮೇಲೆ ಕೈಯಾಡಿಸಿ, ಬಿಚ್ಚದೆ, ಮತ್ತೆ ಒಳಗಿಟ್ಟಳು. ಆಗಲಾದರೂ ಬಿಚ್ಚಿದ್ದರೆ! ಈ ಮಾತು ಬಂದಾಗಲೆಲ್ಲ ಕೇಳುವವರು ಹೀಗೇ ಅಂತಾರೆ. ಆಗಲಾದರೂ ಬಿಚ್ಚಿದ್ದರೆ.

ಅಣ್ಣಂದಿರ ಬಂಡಿ ಊರ ಮುಂದೆ ಬಂದು ನಿಂತ ಬೆಳಗ್ಗೆ ಹುಲಿಗೆವ್ವ ಅಂಗಡಿಗೆ ಬಂದಳು. ಕಾಲು ಈಗ ತಡವರಿಸುತ್ತಿರಲಿಲ್ಲ. ಎರಡೂ ಒಂದೇ ತೂಕದಲ್ಲಿ, ಕಲ್ಲಿನ ಹಾಗೆ ಬೀಳುತ್ತಿದ್ದವು. ಪುಸ್ತಕವನ್ನು ಹೊಸ್ತಿಲ ಮೇಲೆ ಇಟ್ಟಳು. ಅದರ ಕೆಂಪು ದಾರವನ್ನು ಬಿಚ್ಚಿರಲಿಲ್ಲ, ಹರಿದಿರಲಿಲ್ಲ.

“ಯಕ್ಕಾ, ನೀ ಇದನ್ನ ಪೂರ್ತಿ ಓದಿದ್ದೇನು?”

ಕಾಶವ್ವ ಪುಸ್ತಕದ ಗಂಟಿನ ಮೇಲೆ ಕೈ ಇಟ್ಟು ತಲೆ ತಗ್ಗಿಸಿದಳು. ಹುಲಿಗೆವ್ವ ಅದನ್ನು ನೋಡಿದಳು. ಆಮೇಲೆ, “ಇರಲಿ ಬಿಡು. ನೀ ಒಳ್ಳೇದಕ್ಕ ಹೇಳಿದ್ದಿ,” ಅಂದು ತಿರುಗಿ ನಡೆದಳು. ಬೈದಿದ್ದರೆ ಚೆನ್ನಾಗಿತ್ತು ಅಂತ ಕಾಶವ್ವ ಸಾಯುವ ತನಕ ಅಂದುಕೊಂಡಳಂತೆ. ಹುಲಿಗೆವ್ವ ಮನೆಗೆ ಹೋಗಿ ಮಗ್ಗದ ಮೇಲಿನ ಅರ್ಧ ನೇಯ್ದ ಸೀರೆಯನ್ನು ಅಲ್ಲಿಗೇ ಕತ್ತರಿಸಿದಳು. ಬಾಗಿಲಿಗೆ ಕೀಲಿ ಹಾಕಿದಳು. ಬಂಡಿ ಹತ್ತಿದಳು. ಬಂಡಿ ಗುಡ್ಡದ ತಿರುವು ದಾಟುವ ತನಕ ಅವಳು ಹಿಂದಕ್ಕೆ ತಿರುಗಿ ನೋಡಲಿಲ್ಲ ಅಂತಾರೆ.

ಮಳೆಗಾಲ ಹೋಯಿತು. ಜೋಳ ಎದೆಯುದ್ದ ಬೆಳೆದಿತ್ತು. ಒಂದು ಮಧ್ಯಾಹ್ನ ಕೋಲು ಊರಿಕೊಂಡು, ಒಂದು ಕಾಲು ಎಳೆದುಕೊಂಡು ಒಬ್ಬ ಮನುಷ್ಯ ಸಂತೆಬೀದಿಯಲ್ಲಿ ಬಂದ. ಗಡ್ಡ ಬೆಳೆದಿತ್ತು, ಹೆಗಲ ಮೇಲೆ ಬರೀ ಖಾಲಿ ಗಂಟಿನ ಬಟ್ಟೆ. ಚುರಮುರಿ ಭಟ್ಟಿಯವನು ಮೊದಲು ಗುರುತು ಹಿಡಿದು ಕೈಯಲ್ಲಿದ್ದ ಜರಡಿ ಕೆಳಗೆ ಬಿಟ್ಟ. ಲಕ್ಕಪ್ಪ ಬಂದಿದ್ದ.

ದೂರದ ಘಟ್ಟದಲ್ಲಿ ಬಿದ್ದು ಕಾಲು ಮುರಿದು, ದನಗಾಹಿಗಳ ಗುಡಿಸಲಿನಲ್ಲಿ ಬಿದ್ದುಕೊಂಡಿದ್ದನಂತೆ. ಮೂಳೆ ಕೂಡಿತು, ಕೀವಾಯಿತು, ಮತ್ತೆ ಕೂಡಿತು. ಎದ್ದು ನಿಲ್ಲುವ ಹೊತ್ತಿಗೆ ವರುಷಗಳೇ ಹೋಗಿದ್ದವು. ನಡೆದದ್ದಕ್ಕಿಂತ ತೆವಳಿದ್ದೇ ಹೆಚ್ಚು ಅಂತಾರೆ. ಮನೆಗೆ ಹೋದ. ಕೀಲಿ. ಬಾಗಿಲ ಸಂದಿಯಿಂದ ನೋಡಿದರೆ ಮಗ್ಗದ ಮೇಲೆ ಕತ್ತರಿಸಿದ ಹಾಸು ಜೋತಾಡುತ್ತಿತ್ತು. ಓಣಿಯವರು ಇದ್ದದ್ದು ಇದ್ದ ಹಾಗೆ ಹೇಳಿದರು. ಕತೆ ಓದಿ ಎದ್ದು ಹೋದಳು ಅಂದರು.

ಅವನು ನೇರ ಅಂಗಡಿಗೆ ಬಂದು ಕಟ್ಟೆಯ ಮೇಲೆ ಕೂತ. ಮೌನಪ್ಪಜ್ಜ ಅವತ್ತು ಬಾಯಿ ಮುಚ್ಚಿದ. ಕಾಶವ್ವ ಬಂದು ಅವನ ಕಾಲಿನ ಹತ್ತಿರ ಕೂತು, ಎಲ್ಲವನ್ನೂ ಹೇಳಿದಳು. ಓದಿರಲಿಲ್ಲ ಅಂದಳು. ಓದದೇ ಹೊಸ್ತಿಲು ಮುಟ್ಟಿದೆ ಅಂದಳು. ಬರ್ತಾನ ಅಂತ ಬಾಯಿಬಿಟ್ಟು ಹೇಳಿದೆ ಅಂದಳು. ಮೋದಿನಸಾಬ ತನ್ನ ಸೂಜಿ ಕೆಳಗಿಟ್ಟು, “ನನಗ ಗೊತ್ತಿತ್ತು. ನಾನೂ ಸುಮ್ಮನ ಇದ್ದೆ,” ಅಂದ. ಅವನು ಆ ಅಂಗಡಿಯಲ್ಲಿ ಆಡಿದ ಅತಿ ಉದ್ದನೆಯ ಮಾತು ಅದೇ ಅಂತಾರೆ.

ಲಕ್ಕಪ್ಪ ಇಬ್ಬರನ್ನೂ ಬೈಯಲಿಲ್ಲ. “ನನಗ ಓದಾಕ ಬರಾಂಗಿಲ್ಲ,” ಅಂದ. “ಆಕಿ ಏನ ಓದಿ ಎದ್ದು ಹೋದ್ಲು, ನಾನೂ ಕೇಳಬೇಕು. ಓದಕ್ಕಾ.”

ಕಾಶವ್ವ ಮನೆಗೆ ಹೋಗಿ ಪೆಟ್ಟಿಗೆಯಿಂದ ತನ್ನ ಪುಸ್ತಕವನ್ನೇ ತಂದಳು. ಅಂಗಡಿಯಲ್ಲಿ ಬೇರೆ ಪ್ರತಿಗಳಿದ್ದವು, ಅವನ್ನು ಮುಟ್ಟಲಿಲ್ಲ. ಮೋದಿನಸಾಬ ತಾನು ಹೊಲಿದ ಹೊಲಿಗೆಯನ್ನು ತಾನೇ ಒಂದೊಂದಾಗಿ ಬಿಡಿಸಿದ. ಬಣ್ಣ ಮಾಸಿದ ದಾರದ ಚೂರುಗಳು ಅವಳ ಮಡಿಲಲ್ಲಿ ಬಿದ್ದವು. ರಾಚಪ್ಪ ಬೆರಳು ನಿಲ್ಲಿಸಿದ್ದ ಸಾಲಿನಿಂದ ಅವಳು ಸುರು ಮಾಡಿದಳು. ಬೀದಿಯವರು ಬಂದು ನಿಂತರು. ಭಟ್ಟಿಯ ಬೆಂಕಿ ಆರಿಸಿದರು. ಮಗ್ಗಗಳು ನಿಂತವು. ಆ ಊರಲ್ಲಿ ಹಗಲು ಹೊತ್ತಿನಲ್ಲಿ ಲಾಳಿ ನಿಂತದ್ದು ಅದೊಂದೇ ದಿನ ಅಂತಾರೆ.

ಅವಳು ಓದುತ್ತ ಹೋದಳು. ಕತೆಯ ಹೆಂಗಸು ಕಾಯುತ್ತ ಕಾಯುತ್ತ ಮುದುಕಿಯಾದಳು. ಹೊಸ್ತಿಲ ಕಲ್ಲು ಅವಳು ಕೂತು ಕೂತು ನುಣುಪಾಯಿತು. ಕೊನೇ ಹಾಳೆ ಬಂತು. ಕೊನೇ ಸಾಲು ಬಂತು. ಕಾಶವ್ವ ಸಾಲಿನ ಕೆಳಗೆ ಬೆರಳಿಟ್ಟಳು. ಓದಿದಳು. ‘ಅವನು ಬರಲಿಲ್ಲ.’

ಆ ಸಾಲು ಓದಿ ಅವಳು ಅತ್ತದ್ದು ಹುಲಿಗೆವ್ವನಿಗಾಗಿಯೋ ರಾಚಪ್ಪನಿಗಾಗಿಯೋ ಯಾರಿಗೂ ತಿಳಿಯಲಿಲ್ಲ. ಇಷ್ಟು ವರುಷ ಅವಳೊಳಗೆ ನಡೆದು ಬರುತ್ತಿದ್ದವನು ಅವತ್ತು ನಿಂತುಹೋದ.

ಲಕ್ಕಪ್ಪ ಕೋಲಿನ ಮೇಲೆ ಗದ್ದ ಊರಿ ಕೂತಿದ್ದ. ಕಾಶವ್ವನ ಕಡೆ ತಿರುಗಿ ಅಂದ, “ಅದರಾಗಿನಂವ ಬರಲಿಲ್ಲ. ನಾ ಬಂದೀನಿ. ಯಾರ ಸಲುವಾಗಿ ಬಂದೀನಕ್ಕಾ?”

ಕಾಶವ್ವ ಮಡಿಲಲ್ಲಿದ್ದ ದಾರದ ಚೂರುಗಳನ್ನು ಒಂದೊಂದಾಗಿ ಆರಿಸಿದಳು.

ಮರುದಿನ ಅವನು ಹುಲಿಗೆವ್ವನ ತವರಿನ ದಾರಿ ಹಿಡಿದ. ಅವಳಿಗೆ ಅಷ್ಟರಲ್ಲಿ ಉಡಿಕೆಯಾಗಿತ್ತು, ಅವನು ಹೊಸ ಮನೆಯ ಮುಂದೆ ಪರದೇಶಿಯ ಹಾಗೆ ನಿಂತು ನೀರು ಕೇಳಿ, ಅವಳ ಕೈಯಿಂದಲೇ ಕುಡಿದು, ಮುಖ ತೋರಿಸದೆ ಹೋದ ಅಂತ ಕೆಲವರು ಹೇಳ್ತಾರೆ. ಅವಳು ಕೈಯ ಗುರುತು ಹಿಡಿದಳು, ನೀರಿನ ಚರಿಗೆ ಕೆಳಗೆ ಬಿತ್ತು ಅಂತ ಇನ್ನು ಕೆಲವರು ಹೇಳ್ತಾರೆ. ಅವನು ಅಲ್ಲಿಯ ತನಕ ಮುಟ್ಟಲೇ ಇಲ್ಲ ಅಂತಲೂ ಹೇಳ್ತಾರೆ. ಆ ಊರಿಗಂತೂ ಅವನು ತಿರುಗಿ ಬರಲಿಲ್ಲ.

ಕಾಶವ್ವ ಅಂಗಡಿಯಲ್ಲಿದ್ದ ಕೆಂಪು ದಾರಗಳನ್ನೆಲ್ಲ ಬಿಚ್ಚಿದಳು. ಕೆಲಸ ಬಿಡುತ್ತೇನೆ ಅಂದಳು. ಅಜ್ಜ ಬಿಡಗೊಡಲಿಲ್ಲ. ತಪ್ಪಿದ್ದು ಪುಸ್ತಕವಲ್ಲ, ಕೊಟ್ಟದ್ದೂ ತಪ್ಪಲ್ಲ, ಒಬ್ಬಳನ್ನೇ ಓದಲು ಕಳಿಸಿದ್ದು ತಪ್ಪು ಅಂದನಂತೆ. ಆ ಮಾತು ಅವಳಲ್ಲಿ ಉಳಿಯಿತು. ಅಲ್ಲಿಂದ ಮುಂದೆ ಅವಳು ಓದಿದ ಪುಸ್ತಕಗಳನ್ನೆಲ್ಲ ಮೊದಲಿನಿಂದ ಮತ್ತೆ ಓದಿದಳು. ಓದಿ ಮುಗಿಸಿದ್ದಕ್ಕೆ ಗಂಟು ಹಾಕಿ ದಾರ ಕಟ್ಟಿದಳು. ಆ ಒಂದು ಪುಸ್ತಕಕ್ಕೆ ಮಾತ್ರ, ಓದಿ ಮುಗಿಸಿದ್ದರೂ, ಒಬ್ಬರೇ ಓದುವಂಥದ್ದಲ್ಲ ಅಂತ ದಾರ ಸುತ್ತಿ ಗಂಟು ಹಾಕದೆ ಬಿಟ್ಟಳು. ಅದನ್ನು ಕೇಳಿಕೊಂಡು ಬಂದವರ ಕೈಗೆ ಕೊಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂಡಿಸಿಕೊಂಡು, ತಾನೇ ಓದಿ, ಕೊನೇ ಸಾಲು ಬಂದಾಗ ಅವರ ಕೈ ಹಿಡಿದುಕೊಳ್ಳುತ್ತಿದ್ದಳು. ಕಣ್ಣು ಮಂಜಾದ ಮೇಲೂ ಓದುತ್ತಿದ್ದಳಂತೆ. ಆಗ ಅವಳಿಗೆ ಹಾಳೆ ಬೇಕಿರಲಿಲ್ಲ. ಕೊನೇ ಸಾಲಿಗೆ ಬಂದಾಗ ಪ್ರತಿ ಸಲವೂ ಒಮ್ಮೆ ತಲೆ ಎತ್ತಿ ಗುಡ್ಡದ ತಿರುವಿನ ಕಡೆ ನೋಡುತ್ತಿದ್ದಳು ಅಂತಾರೆ.

ಅವಳೂ ಹೋದಳು, ಅಂಗಡಿಯೂ ಹೋಯಿತು. ಭಟ್ಟಿಯ ಜಾಗದಲ್ಲಿ ಈಗ ಏನಿದೆಯೋ ಯಾರು ಬಲ್ಲರು. ಆದರೆ ಹೊಳೆಯ ಆಚೆಗೂ ಈಚೆಗೂ ಈಗಲೂ ಒಂದು ರೂಢಿ ನಡೆದುಬಂದಿದೆ. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ, ಹಾಸಿಗೆ ಹಿಡಿದವರನ್ನು ನೋಡಲು ಹೋದಾಗ, ದುಃಖದ ಮನೆಗೆ ಹೋದಾಗ ಒಂದು ಪುಸ್ತಕ ಒಯ್ಯುತ್ತಾರೆ. ಅದಕ್ಕೆ ಒಂದು ಕೆಂಪು ಎಳೆ ಸುತ್ತಿರುತ್ತಾರೆ. ತಾವು ಕೊನೆಯ ತನಕ ಓದಿದ್ದರೆ, ತಗೊಳ್ಳುವವರ ಕಣ್ಣೆದುರೇ ಗಂಟು ಹಾಕಿ ಕೈಗೆ ಕೊಡುತ್ತಾರೆ. ಓದಿರದಿದ್ದರೆ ಗಂಟು ಹಾಕುವುದಿಲ್ಲ. ದಾರದ ತುದಿಯನ್ನು ಹಾಗೇ ಇಳಿಬಿಟ್ಟು, ಹೊಸ್ತಿಲ ಮೇಲೆ ಪಕ್ಕದಲ್ಲಿ ಕೂತು, ಮೊದಲನೇ ಹಾಳೆ ತೆರೆದು ಹೇಳುತ್ತಾರೆ:

“ಇದರ ಕೊನಿ ನನಗೂ ಗೊತ್ತಿಲ್ಲ. ಈ ಕಡೆ ಸರಿ, ಇಬ್ರೂ ಕೂಡಿ ಓದೂಣು.”